ಪಕ್ಕದ ಸೈಟಿನಲ್ಲಿ ಹನ್ನೆರಡು ಫ್ಲ್ಯಾಟು ಬರುತ್ತಿದೆ. ಪರಿಸರದ ಲೆಕ್ಕ ಯಾರು ಹಾಕುತ್ತಾರೆ?

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ. ನಮ್ಮ ಪಕ್ಕದ್ದು ಹಳೇ ಕಾಲದ ಮನೆ. ಮಂಗಳೂರು ಹೆಂಚು, ಕಿಟಕಿ ಮೇಲೆ ಮಂಕಿ ಟಾಪ್, ಒಳಗೆ ರೆಡ್ ಆಕ್ಸೈಡ್ ನೆಲ. ಸೈಟು 80–120. ಮನೆ ಇರುವುದು ಮುಂದಿನ ಅರ್ಧದಲ್ಲಿ, ಹಿಂದೆಲ್ಲಾ ತೋಟ. ಎರಡು ಮಾವು, ಒಂದು ಹಲಸು, ಮೂರು ತೆಂಗು, ಒಂದು ಸಂಪಿಗೆ. ಮೂಲೆಯಲ್ಲಿ ಬಾವಿ. ಅಲ್ಲಿದ್ದ ಅಜ್ಜಿ ಹೋಗಿ ಎರಡು ವರ್ಷವಾಯಿತು. ಮಕ್ಕಳು ಯಾರೂ ಈ ಊರಲ್ಲಿಲ್ಲ.

ಹೋದ ವಾರ ಬೋರ್ಡು ಬಂತು. ಬೇಸ್‌ಮೆಂಟ್, ಸ್ಟಿಲ್ಟ್ (ಕಂಬಗಳ ನಡುವೆ ಕಾರು ನಿಲ್ಲಿಸುವ ನೆಲಮಟ್ಟ), ಮೇಲೆ ನಾಲ್ಕು ಮಹಡಿ, ಹನ್ನೆರಡು ಫ್ಲ್ಯಾಟು. ನಮ್ಮ ರಸ್ತೆಯಲ್ಲಿ ಹತ್ತು ವರ್ಷದಲ್ಲಿ ಇದು ಐದನೆಯದು. ಮೊದಲ ನಾಲ್ಕಕ್ಕೆ ನಾವು ಯಾರೂ ಬಾಯಿ ಬಿಡಲಿಲ್ಲ, ಒಪ್ಪಿಕೊಳ್ಳುತ್ತೇನೆ. ಈ ಸಲ ಒಂದು ಕಚೇರಿಗೆ ಹೋಗಿ ಕೇಳಿದೆ, ಇದಕ್ಕೆ ಪರಿಸರ ಅನುಮತಿ ತಗೊಂಡಿದ್ದಾರಾ ಅಂತ. ಕುರ್ಚಿಯಲ್ಲಿದ್ದವರು ನಕ್ಕರು. "ಮೇಡಂ, ಅದೆಲ್ಲಾ ದೊಡ್ಡ ಪ್ರಾಜೆಕ್ಟ್‌ಗೆ. ಇಂಥಾದ್ದಕ್ಕೆ ಬರಲ್ಲ" ಅಂದರು.

ನಿಜವಾಗಲೂ ಬರಲ್ವಾ? ಹಾಗಾದರೆ ಮರ, ನೀರು, ಮೋರಿ, ಧೂಳು ಇವನ್ನೆಲ್ಲಾ ನೋಡುವವರು ಯಾರು? ಗೊತ್ತಿದ್ದವರು ಹೇಳಿ.

ಪಿಡಬ್ಲ್ಯುಡಿ ನಿವೃತ್ತ

ಅವರು ನಕ್ಕದ್ದು ತಪ್ಪು. ಹೇಳಿದ್ದು ಮಾತ್ರ ಸರಿ.

ಕೇಂದ್ರ ಸರ್ಕಾರದ ಪರಿಸರ ಪರಿಣಾಮ ಅಧಿಸೂಚನೆ ಬಂದದ್ದು 2006ರ ಸೆಪ್ಟೆಂಬರ್ 14ಕ್ಕೆ. ಅದರ ಪಟ್ಟಿಯಲ್ಲಿ ಕಟ್ಟಡಗಳದ್ದು ಎಂಟನೇ ಬಾಬ್ತು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಅನುಮತಿ ಬೇಕು. ಒಂದೂವರೆ ಲಕ್ಷ ಮುಟ್ಟಿದರೆ ಇನ್ನೊಂದು ದರ್ಜೆ. 20,000ದ ಕೆಳಗಿದ್ದರೆ ಕಡತವೇ ತೆರೆಯುವುದಿಲ್ಲ.

ನಿಮ್ಮ ಪಕ್ಕದ್ದರ ಲೆಕ್ಕ ನೋಡಿ. 80–120 ಅಂದರೆ 9,600 ಚದರ ಅಡಿ, ಸುಮಾರು 892 ಚದರ ಮೀಟರ್. ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) ಎರಡು ಅಂತಿಟ್ಟುಕೊಳ್ಳಿ, 1,800 ಆಯಿತು. ಬೇಸ್‌ಮೆಂಟು, ಸ್ಟಿಲ್ಟು ಎಲ್ಲಾ ಸೇರಿಸಿದರೂ 3,000ದ ಆಸುಪಾಸು. 20,000 ಎಲ್ಲಿ, 3,000 ಎಲ್ಲಿ.

ನನಗೆ ತಲೆ ಕೊರೆಯುವುದು ಬೇರೆ. ಇಂಥಾದ್ದು ಏಳು ಕಟ್ಟಿದರೆ 20,000 ದಾಟುತ್ತದೆ. ಒಬ್ಬನೇ ಬಿಲ್ಡರ್ ಒಂದೇ ಜಾಗದಲ್ಲಿ ಕಟ್ಟಿದ್ದರೆ ನೀರು ಎಲ್ಲಿಂದ, ಮಣ್ಣು ಎಲ್ಲಿಗೆ, ಮರ ಎಷ್ಟು ಅಂತ ಕೂತು ಕೇಳುತ್ತಿದ್ದರು. ಏಳು ಜನ, ಏಳು ಸೈಟು, ಏಳು ಬೇರೆ ಬೇರೆ ವರ್ಷ. ಆಗ ಯಾರೂ ಕೇಳುವುದಿಲ್ಲ. ಮೋರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿಲ್ಲ, ಅದಕ್ಕೆ ಎಲ್ಲಾ ನೀರೂ ಒಂದೇ.

ಇಡೀ ಪರಿಶೀಲನೆ ಅಂತ ಇಲ್ಲದಿದ್ದರೂ ಚೂರುಚೂರು ಕಾನೂನುಗಳಿವೆ. ಮರಕ್ಕೆ ಒಂದು, ಬೋರ್‌ವೆಲ್‌ಗೆ ಒಂದು, ಮಳೆನೀರಿಗೆ ಒಂದು, ಶಬ್ದಕ್ಕೆ ಒಂದು. ಒಬ್ಬೊಬ್ಬರ ಬಾಗಿಲು ಒಂದೊಂದು ಕಡೆ. ಜೋಡಿಸುವ ಕೆಲಸ ನಿಮ್ಮದೇ.

ಬಾಡಿಗೆದಾರ 560003

ಬೇಜಾರು ಮಾಡಿಕೊಳ್ಳಬೇಡಿ. ನಾನೂ ಮಲ್ಲೇಶ್ವರದವನೇ, ಆದರೆ ಬಾಡಿಗೆಗೆ. ಹತ್ತು ಸಾವಿರ ಚದರ ಅಡಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಈಗ ನಲವತ್ತೆಂಟು ಜನ ಇರುತ್ತಾರೆ. ಸಂಪಿಗೆ ರಸ್ತೆಗೆ 2014ರಲ್ಲೇ ಮೆಟ್ರೊ ಬಂದಿದೆ. ಜನ ಇಲ್ಲಿ ಇರಬೇಕೋ, ಊರಾಚೆ ಕೆರೆ ಅಂಚಿನಲ್ಲಿ ಇರಬೇಕೋ? 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ನೆರೆ ಬಂದು ಟ್ರ್ಯಾಕ್ಟರಿನಲ್ಲಿ ಕೂತು ಆಫೀಸಿಗೆ ಹೋದರಲ್ಲ, ಅವರೆಲ್ಲಾ ಊರೊಳಗೆ ಜಾಗ ಸಿಗದೆ ಅಲ್ಲಿಗೆ ಹೋದವರೇ.

ಹಳೇ ಬಡಾವಣೆಯವರು "ಪರಿಸರ" ಅಂದಾಗ ಅರ್ಧ ಸಲ ನನಗೆ ಕೇಳಿಸುವುದು "ನಮ್ಮ ಪಾರ್ಕಿಂಗ್" ಅಂತ.

ಹೊಂಗೆ ನೆರಳು

@ಬಾಡಿಗೆದಾರ, 1,600 ಚದರ ಅಡಿ ಫ್ಲ್ಯಾಟು ಅದು. ಹನ್ನೆರಡರಲ್ಲಿ ಒಂದನ್ನು ನೀವು ಕೊಳ್ಳೋಕೆ ಆಗುತ್ತಾ?

ಬಾಡಿಗೆದಾರ 560003

ಈ ಜನ್ಮದಲ್ಲಿ ಆಗಲ್ಲ. ಆದರೆ ಅದನ್ನು ಕೊಳ್ಳುವವರು ಈಗ ಇರುವ ಮನೆ ಖಾಲಿ ಮಾಡ್ತಾರಲ್ಲ. ಅದು ನನಗೆ ಬಾಡಿಗೆಗೆ ಸಿಗಬಹುದು. ಮನೆ ಜಾಸ್ತಿ ಆದರೆ ಕೊನೆಗೆ ನನ್ನಂಥವನಿಗೂ ತಾಗುತ್ತೆ.

ಮೂಲೆಮನೆ

ಪಾರ್ಕಿಂಗ್ ಮಾತು ಚುಚ್ಚಿತು, ಯಾಕೆಂದರೆ ನಮ್ಮ ಕಾರೂ ರಸ್ತೆಯಲ್ಲೇ ನಿಲ್ಲುತ್ತದೆ. ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಮನೆಯ ಸೂರು ಮೂರು ಮಳೆಗಾಲದಿಂದ ಸೋರುತ್ತಿತ್ತು, ನೋಡಿದ್ದೇನೆ. ಹೇಗೆ ಕಟ್ಟುತ್ತಾರೆ ಅನ್ನುವುದು ಮಾತ್ರ ನನ್ನ ಚಿಂತೆ.

ಹೊಂಗೆ ನೆರಳು

ಮರದ ವಿಷಯ ನಾನು ಹೇಳುತ್ತೇನೆ, ಹದಿನೈದು ವರ್ಷದಿಂದ ಇದೇ ಕೆಲಸ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಖಾಸಗಿ ಸೈಟಿನೊಳಗಿನ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. "ನನ್ನ ಜಾಗ, ನನ್ನ ಮರ" ಅನ್ನೋದು ನಡೆಯಲ್ಲ. ಆದರೆ ಎಲ್ಲಾ ಜಾತಿಗೂ ಅಲ್ಲ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಇವಕ್ಕೆ ವಿನಾಯಿತಿ ಇದೆ. ಅಂದರೆ ನಿಮ್ಮ ಮೂರು ತೆಂಗನ್ನು ಯಾರನ್ನೂ ಕೇಳದೆ ಉರುಳಿಸಬಹುದು. ಮಾವು, ಹಲಸು, ಸಂಪಿಗೆಗೆ ಕೇಳಲೇಬೇಕು.

ಸಾರ್ವಜನಿಕರ ಆಕ್ಷೇಪಣೆಗೆ ಪ್ರಕಟಣೆ ಕೊಡಬೇಕು ಅಂತ ಕಾಯ್ದೆ ಹೇಳುವುದು ಐವತ್ತು ಮತ್ತು ಅದಕ್ಕಿಂತ ಹೆಚ್ಚು ಮರ ಇದ್ದಾಗ. ಇಲ್ಲಿರೋದು ನಾಲ್ಕು. ಪೇಪರಿನಲ್ಲಿ ಬರುತ್ತೆ ಅಂತ ಕಾಯುತ್ತಾ ಕೂರಬೇಡಿ. ಈಗಲೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ಒಂದು ಪತ್ರ ಕೊಡಿ. ಒಂದೊಂದು ಮರದ ಫೋಟೋ, ಎದೆಮಟ್ಟದಲ್ಲಿ ಸುತ್ತಳತೆ, ಕಾಂಪೌಂಡಿನಿಂದ ಎಷ್ಟು ಅಡಿ ಅನ್ನೋದು ಎಲ್ಲಾ ಬರೆಯಿರಿ. ಸ್ಥಳ ಪರಿಶೀಲನೆಗೆ ಬಂದಾಗ ನಮ್ಮನ್ನೂ ಕರೆಯಿರಿ ಅಂತ ಕೇಳಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಇನ್ನೊಂದು ವಿಷಯ. ಗೇಟಿನ ಮುಂದೆ ಫುಟ್‌ಪಾತಿನಲ್ಲಿ ಮರ ಇದೆಯಾ? ಬೇಸ್‌ಮೆಂಟ್ ಅಂದರೆ ರ್‍ಯಾಂಪು, ರ್‍ಯಾಂಪು ಅಂದರೆ ಅಗಲ ಗೇಟು. ಗೇಟಿಗೆ ಅಡ್ಡ ಬರೋ ಬೀದಿ ಮರ ಒಂದು ದಿನ ತಾನಾಗಿಯೇ ಒಣಗೋಕೆ ಶುರು ಮಾಡುತ್ತೆ. ಬುಡ ಕೆರೆದು ನೋಡಿದರೆ ಸುತ್ತಲೂ ತೊಗಟೆ ಕಿತ್ತಿರುತ್ತಾರೆ, ಅಥವಾ ಏನೋ ಹುಯ್ದಿರುತ್ತಾರೆ. ನಮ್ಮ ಬೀದಿಯಲ್ಲಿ ಒಂದು ಹೊಂಗೆ ಹೀಗೇ ಹೋಯಿತು. ಯಾರು ಅಂತ ಇವತ್ತಿಗೂ "ಗೊತ್ತಿಲ್ಲ".

ಮೂಲೆಮನೆ

ಇದೆ, ಹೊಂಗೆಮರವೇ. ಗೇಟಿನ ಎಡಗಡೆ. ನಾಳೆ ಬೆಳಿಗ್ಗೆ ಮೊದಲು ಫೋಟೋ ತೆಗೆಯುತ್ತೇನೆ.

ಗಾಂಧಿಬಜಾರ್ ಹತ್ತಿರ

ಬೇಸ್‌ಮೆಂಟ್ ಅಂತ ಓದಿದ ಕೂಡಲೇ ಬರೆಯೋಣ ಅನಿಸಿತು. ನಮ್ಮದು ಬಸವನಗುಡಿ, ಅಪ್ಪ ಕಟ್ಟಿಸಿದ ಮನೆ. ಸೈಜುಗಲ್ಲಿನ ತಳಪಾಯ. ಆಗ ಆರ್‌ಸಿಸಿ ಕಾಲಮ್ಮು ಅಂತ ಯಾರೂ ಹಾಕುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬ ಬಿಲ್ಡರ್ ಹನ್ನೊಂದು ಅಡಿ ತೋಡಿದ. ನಮ್ಮ ಕಾಂಪೌಂಡಿನ ಅಂಚಿಗೇ ನೆಟ್ಟಗೆ ಕೊರೆದ, ಇಳಿಜಾರು ಬಿಡಲಿಲ್ಲ, ತಡೆ ಕಟ್ಟಲಿಲ್ಲ. ಎರಡು ರಾತ್ರಿ ಮಳೆ ಬಂತು. ಮೂರನೇ ದಿನ ಬೆಳಿಗ್ಗೆ ದೇವರಮನೆ ಬಾಗಿಲು ಹಾಕೋಕೆ ಆಗಲಿಲ್ಲ. ಚೌಕಟ್ಟು ಓರೆ ಆಗಿತ್ತು. ಅಡುಗೆಮನೆ ಗೋಡೆಯಲ್ಲಿ ನನ್ನ ಬೆರಳು ಹೋಗುವಷ್ಟು ಬಿರುಕು.

ಬಿಲ್ಡರ್ ಬಂದು ನೋಡಿದ. "ಈ ಬಿರುಕು ಮೊದಲೇ ಇತ್ತಲ್ವಾ ಅಮ್ಮಾ" ಅಂದ. ಇರಲಿಲ್ಲ ಅಂತ ತೋರಿಸೋಕೆ ನಮ್ಮ ಹತ್ತಿರ ಒಂದು ಫೋಟೋ ಇರಲಿಲ್ಲ. ಮದುವೆ ಆಲ್ಬಮ್ ಹುಡುಕಿದೆವು. ಅದರಲ್ಲಿ ಗೋಡೆ ಎಲ್ಲಾ ಹೂವಿನ ಅಲಂಕಾರ! ಕೊನೆಗೆ ಅವನು ಸಿಮೆಂಟು ತುಂಬಿಸಿ ಸುಣ್ಣ ಬಳಿಸಿ ಹೋದ. ಬಾಗಿಲು ಈಗಲೂ ಒದೆದೇ ಹಾಕಬೇಕು.

ಪಿಡಬ್ಲ್ಯುಡಿ ನಿವೃತ್ತ

ಇದಕ್ಕೆ ಒಂದು ಹಳೇ ಉಪಾಯ ಇದೆ, ಖರ್ಚೂ ಇಲ್ಲ. ತೋಡುವುದಕ್ಕೆ ಮುಂಚೆ ಮನೆಯ ಪ್ರತಿ ಗೋಡೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅವತ್ತಿನ ಪೇಪರು ಹಿಡಿದು ತೆಗೆಯಿರಿ. ಬಿಲ್ಡರಿನ ಎಂಜಿನಿಯರನ್ನು ಕರೆದು, ಇಬ್ಬರೂ ಕೂತು ಒಂದು ಪಟ್ಟಿ ಮಾಡಿ ಸಹಿ ಹಾಕಿ. ಈಗಾಗಲೇ ಇರುವ ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿ. ಕನ್ನಡಿ ಅಂಗಡಿಯಲ್ಲಿ ಚೂರು ಕೊಡುತ್ತಾರೆ, ಎರಡು ತುದಿಗೂ ಗಟ್ಟಿ ಅಂಟು. ಗಾಜು ಬಗ್ಗುವುದಿಲ್ಲ. ಗೋಡೆ ಅಲ್ಲಾಡಿದರೆ ಚಟ್ ಅಂತ ಒಡೆಯುತ್ತದೆ. ಪಕ್ಕದಲ್ಲೇ ಗೋಡೆ ಮೇಲೆ ತಾರೀಕು ಬರೆಯಿರಿ. ಆಮೇಲೆ "ಮೊದಲೇ ಇತ್ತು" ಅನ್ನುವ ಮಾತು ಬರುವುದಿಲ್ಲ.

ಬೇಸ್‌ಮೆಂಟ್ ಮಣ್ಣಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 600 ಚದರ ಮೀಟರ್, ಮೂರು ಮೀಟರ್ ಆಳ. 1,800 ಘನ ಮೀಟರ್ ಆಯಿತು. ಅಗೆದ ಮಣ್ಣು ಉಬ್ಬುತ್ತದೆ, ಕಾಲು ಭಾಗ ಸೇರಿಸಿ, 2,250. ದೊಡ್ಡ ಟಿಪ್ಪರಿಗೆ ಹತ್ತು ಘನ ಮೀಟರ್ ಹಿಡಿದರೂ 225 ಲೋಡು. ಹೋಗುವಾಗ ಒಂದು, ಬರುವಾಗ ಒಂದು. ನಿಮ್ಮ ಅಡ್ಡರಸ್ತೆಯಲ್ಲಿ 450 ಸಲ ಟಿಪ್ಪರು. ಮ್ಯಾನ್‌ಹೋಲ್ ಮುಚ್ಚಳ ತಡೆಯುತ್ತಾ?

ಅಷ್ಟೆಲ್ಲಾ ಯಾತಕ್ಕೆ? ಕಾರಿಗೆ. ಒಂದು ಕಾರು ನಿಲ್ಲಿಸುವ ಜಾಗ 2.5 ಮೀಟರ್ ಅಗಲ, 5.5 ಉದ್ದ. ಓಡಾಟದ ಜಾಗ ಸೇರಿಸಿ ಒಂದಕ್ಕೆ ಮೂವತ್ತು ಚದರ ಮೀಟರ್ ಹಿಡಿಯಿರಿ. ಸ್ಟಿಲ್ಟ್ 500 ಚದರ ಮೀಟರ್ ಇದ್ದರೆ ಹದಿನಾರು ಕಾರು. ಕಂಬ, ಲಿಫ್ಟು, ಮೆಟ್ಟಿಲಿಗೆ ಕಳೆದರೂ ಹದಿಮೂರು ಹದಿನಾಲ್ಕು. ಫ್ಲ್ಯಾಟು ಹನ್ನೆರಡು! ಮನೆಗೆ ಎರಡು ಕಾರು ಅಂತ ಬ್ರೋಷರಿನಲ್ಲಿ ಹಾಕುವುದಕ್ಕೆ ಮಾತ್ರ ಈ ಬೇಸ್‌ಮೆಂಟು. ಮೆಟ್ರೊ ನಡೆದು ಹೋಗುವಷ್ಟು ದೂರದಲ್ಲಿ.

ಬಾಡಿಗೆದಾರ 560003

ಇದಕ್ಕೆ ನನ್ನ ಪೂರ್ತಿ ಓಟು. ಜನರಿಗೆ ಮನೆ ಬೇಕು ಅಂದೆ, ಎರಡನೇ ಕಾರಿಗೆ ಗುಹೆ ಬೇಕು ಅಂದಿಲ್ಲ.

ತಗ್ಗಿನ ಮನೆ

ಮೂಲೆಮನೆ ಮೇಡಂ, ನಿಮ್ಮ ಇಳಿಜಾರಿನ ಕೊನೆಯಲ್ಲಿ ಇರೋದು ನಾವು. ನಿಮ್ಮ ಕಡೆ ಬಿದ್ದ ನೀರೆಲ್ಲಾ ವೃಷಭಾವತಿ ಕಡೆಗೆ ಇಳಿಯುತ್ತೆ, ದಾರಿಯಲ್ಲಿ ನಮ್ಮ ಗೇಟು. ನಾನು ಹುಡುಗನಾಗಿದ್ದಾಗ ಮಳೆ ನಿಂತು ಒಂದು ಗಂಟೆ ಆದ ಮೇಲೆ ಮೋರಿ ತುಂಬುತ್ತಿತ್ತು. ಈಗ ಮಳೆ ಇನ್ನೂ ಬೀಳುತ್ತಿರುವಾಗಲೇ ನೀರು ಮೆಟ್ಟಿಲ ಮೇಲೆ. ನಿಮ್ಮ ರಸ್ತೆಯ ಒಂದೊಂದು ತೋಟ ಹೋದಾಗಲೂ ನಮಗೆ ಒಂದು ಮೆಟ್ಟಿಲು ಜಾಸ್ತಿ.

ಬಾವಿಕಟ್ಟೆ

ತಗ್ಗಿನ ಮನೆಯವರು ಹೇಳಿದ್ದು ನೂರಕ್ಕೆ ನೂರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 892 ಚದರ ಮೀಟರ್ ಸೈಟಿನ ಮೇಲೆ 50 ಮಿಲಿಮೀಟರ್ ಜೋರು ಮಳೆ ಬಂದರೆ 44,600 ಲೀಟರ್, 6,000 ಲೀಟರಿನ ಟ್ಯಾಂಕರ್ ಏಳಕ್ಕಿಂತ ಜಾಸ್ತಿ. ತೋಟ ಇದ್ದಾಗ ಅದರಲ್ಲಿ ಬಹುಪಾಲು ಮಣ್ಣಿಗೆ ಇಳಿಯುತ್ತಿತ್ತು. ಕಾಂಕ್ರೀಟು ಹಾಸಿದ ಮೇಲೆ ಅಷ್ಟೂ ಅರ್ಧ ಗಂಟೆಯಲ್ಲಿ ಮೋರಿಗೆ.

ಬೆಂಗಳೂರಿಗೆ ವರ್ಷಕ್ಕೆ ಹೆಚ್ಚೂಕಡಿಮೆ ಸಾವಿರ ಮಿಲಿಮೀಟರ್ ಮಳೆ. ಆ ಸೈಟಿಗೆ ಸುಮಾರು 8.9 ಲಕ್ಷ ಲೀಟರ್. ಹನ್ನೆರಡು ಮನೆ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂದರೆ ವರ್ಷಕ್ಕೆ 23.6 ಲಕ್ಷ ಬೇಕು. ಬೀಳುವ ಮಳೆ ಅದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಎಲ್ಲಾ ಹಿಡಿಯೋಕೆ ಆಗಲ್ಲ, ಒಪ್ಪಿದೆ. ಆದರೆ ನೂರು ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಪಂಪ್ ಹೊಡೆದು ಹತ್ತಿಸಿ ತರುತ್ತೇವೆ, ತಲೆ ಮೇಲೆ ಬಿದ್ದದ್ದನ್ನು ಮೋರಿಗೆ ಬಿಡುತ್ತೇವೆ.

ಮಳೆನೀರು ಸಂಗ್ರಹ 2009ರಿಂದಲೇ ಕಡ್ಡಾಯ, ಹೊಸ ಕಟ್ಟಡಕ್ಕೆ 30–40 ಸೈಟಿಂದ ಮೇಲೆ. ಬಹಳ ಕಡೆ ನೋಡಿದ್ದೇನೆ, ಒಂದು ನೀಲಿ ಡ್ರಮ್ಮು, ಎರಡು ಪೈಪು, ಫೋಟೋ ತೆಗೆದು ಮುಗೀತು. ಪೈಪು ಎಲ್ಲಿಗೆ ಹೋಗುತ್ತೆ ಅಂತ ಹಿಂಬಾಲಿಸಿ ಹೋದರೆ ಮೋರಿಯಲ್ಲೇ ಇಣುಕುತ್ತೆ.

ನನ್ನ ಪ್ರಶ್ನೆ: ಆ ಬಾವಿಯನ್ನು ಏನು ಮಾಡುತ್ತಾರೆ?

ಮೂಲೆಮನೆ

ಮುಚ್ಚುತ್ತಾರಂತೆ. ಮೇಸ್ತ್ರಿ ಹೇಳಿದ, "ಒಡೆದ ಮನೆ ಕಲ್ಲುಮಣ್ಣು ಎಲ್ಲಾ ಅದಕ್ಕೇ ಹಾಕ್ತೀವಿ, ಲೋಡು ಉಳಿಯುತ್ತೆ" ಅಂತ.

ಬಾವಿಕಟ್ಟೆ

ಅಯ್ಯೋ, ಅದೊಂದು ಆಗಬಾರದು. ನೀರಿರುವ ಬಾವಿಗೆ ಕಟ್ಟಡದ ಕಸ ತುಂಬಿದರೆ ಅಕ್ಕಪಕ್ಕದ ಬೋರ್‌ವೆಲ್‌ಗಳಿಗೆಲ್ಲಾ ಅದೇ ನೀರು. ಅದೇ ಬಾವಿಗೆ ಸೂರಿನ ನೀರನ್ನು ಸೋಸಿ ಬಿಟ್ಟರೆ ಹೊಸದಾಗಿ ಇಂಗುಗುಂಡಿ ತೋಡುವ ಖರ್ಚೇ ಇಲ್ಲ. ಬಿಲ್ಡರಿಗೆ ದುಡ್ಡಿನ ಭಾಷೆಯಲ್ಲಿ ಹೇಳಿ, ಅರ್ಥ ಆಗುತ್ತೆ.

ಕಟ್ಟುವಾಗ ಯಾವ ನೀರು ಬಳಸುತ್ತಾರೆ ಅಂತಾನೂ ಕೇಳಿ. 2024ರ ಮಾರ್ಚ್ ತಿಂಗಳ ನೀರಿನ ಬರ ನೆನಪಿದೆ ಅಲ್ವಾ? ಕುಡಿಯುವ ನೀರನ್ನು ಕಟ್ಟಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಸಂಸ್ಕರಿಸಿದ ನೀರು ಟ್ಯಾಂಕರಿನಲ್ಲಿ ಸಿಗುತ್ತೆ.

ಫ್ರೀಮಾಂಟ್ ಕನ್ನಡಿಗ

ಹುಟ್ಟಿ ಬೆಳೆದದ್ದು ಹದಿನೈದನೇ ಅಡ್ಡರಸ್ತೆ, ಈಗ ಕ್ಯಾಲಿಫೋರ್ನಿಯಾ. ಇಲ್ಲಿಯ ಕಥೆ ಪೂರ್ತಿ ತದ್ವಿರುದ್ಧ, ಅದಕ್ಕೇ ಹೇಳುತ್ತೇನೆ. ಇಲ್ಲಿ 1970ರಿಂದ ಸೀಕ್ವಾ ಅಂತ ರಾಜ್ಯದ ಪರಿಸರ ಕಾಯ್ದೆ ಇದೆ. ಊರೊಳಗಿನ ಸಣ್ಣ ವಸತಿ ಯೋಜನೆಗೂ ಅದರ ಹೆಸರಲ್ಲಿ ಕೇಸು ಹಾಕಬಹುದಿತ್ತು. ಹಾಕುತ್ತಿದ್ದರು. ಬರ್ಕ್‌ಲಿಯಲ್ಲಿ ವಿದ್ಯಾರ್ಥಿಗಳ ವಸತಿ ಕಟ್ಟೋಕೆ ಹೊರಟಾಗ 2023ರಲ್ಲಿ ಕೋರ್ಟು, ವಿದ್ಯಾರ್ಥಿಗಳು ಮಾಡುವ ಗಲಾಟೆಯೂ ಪರಿಸರದ ಪರಿಣಾಮವೇ, ಅದನ್ನೂ ಪರಿಶೀಲಿಸಿ ಎಂದಿತು. ಜನ ತಲೆ ಚಚ್ಚಿಕೊಂಡರು. ಅದೇ ವರ್ಷ ಶಾಸನಸಭೆ ಆ ದಾರಿ ಮುಚ್ಚಿತು. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ವಿಶ್ವವಿದ್ಯಾಲಯದ ಪರ ತೀರ್ಪು ಕೊಟ್ಟಿತು. 2025ರ ಜೂನ್ 30ಕ್ಕೆ ಇನ್ನೊಂದು ಕಾನೂನು ಬಂತು. ಊರೊಳಗೆ 20 ಎಕರೆವರೆಗಿನ ವಸತಿ ಯೋಜನೆಗಳು, ಷರತ್ತಿಗೆ ಒಳಪಟ್ಟರೆ, ಸೀಕ್ವಾ ಪರಿಶೀಲನೆಯಿಂದ ಹೊರಗೆ.

ಇಲ್ಲಿ ಎಲ್ಲವನ್ನೂ ಪರಿಶೀಲಿಸಿ ಮನೆಯೇ ಇಲ್ಲದ ಹಾಗಾಯಿತು, ಅಲ್ಲಿ ಏನನ್ನೂ ಪರಿಶೀಲಿಸದೆ ಬಾವಿಗೆ ಕಲ್ಲುಮಣ್ಣು. ಪಿಡಬ್ಲ್ಯುಡಿ ಸರ್ ಹೇಳಿದ ಗಾಜಿನ ಪಟ್ಟಿ ನನಗೆ ಈ ಎರಡಕ್ಕಿಂತಲೂ ಹೆಚ್ಚು ಹಿಡಿಸಿತು.

ಎಂಟನೇ ಮೇನ್

ಸುಮ್ನೆ ಒಂದು ಸ್ಟೇ ತನ್ನಿ. ಎಲ್ಲಾ ನಿಲ್ಲುತ್ತೆ.

ಪಿಡಬ್ಲ್ಯುಡಿ ನಿವೃತ್ತ

ಯಾವ ಆಧಾರದ ಮೇಲೆ? ಮಂಜೂರಾದ ನಕ್ಷೆ ಇದೆ. ಅವರು ನಕ್ಷೆ ಮೀರಿದಾಗ ಕೋರ್ಟು, ಅಲ್ಲಿಯವರೆಗೆ ಮಾತುಕತೆ. ನಕ್ಷೆ ನೋಡೋಕೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿಗೆ ಹೋಗಿ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗ, ಎಂಟಕ್ಕಿಂತ ಹೆಚ್ಚು ಮನೆ, ನೋಂದಣಿ ಆಗಲೇಬೇಕು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಎಷ್ಟು ಬಿಟ್ಟಿದ್ದಾರೆ ಅಂತ ಅದರಲ್ಲಿ ಸಿಗುತ್ತದೆ, ಆಮೇಲೆ ಟೇಪು ಹಿಡಿದು ನೋಡಬಹುದು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಓಸಿ (ವಾಸಕ್ಕೆ ಸಿದ್ಧ ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಎಂದು ಹೇಳಿದ ಮೇಲೆ ಬಿಲ್ಡರುಗಳಿಗೂ ನಕ್ಷೆ ಮೀರೋಕೆ ಸ್ವಲ್ಪ ಭಯ ಬಂದಿದೆ. ಸ್ವಲ್ಪ.

ಹಲಸಿನ ತೊಳೆ

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚನೆ. ಮೂಲೆಮನೆ ಆಂಟಿ, ನೀವು ಯಾರು ಅಂತ ಮೊದಲ ಸಾಲಿಗೇ ಗೊತ್ತಾಯಿತು. ಆ ಮನೆಯ ಕಿರಿಮಗಳು ನಾನು.

ಮಾರಿಲ್ಲ ಆಂಟಿ, ಜೆಡಿಗೆ (ಜಾಯಿಂಟ್ ಡೆವಲಪ್ಮೆಂಟ್: ಜಾಗ ನಮ್ಮದು, ಕಟ್ಟೋದು ಬಿಲ್ಡರ್, ಫ್ಲ್ಯಾಟು ಇಬ್ಬರಿಗೂ ಪಾಲು) ಕೊಟ್ಟಿದ್ದೇವೆ. ನಾಲ್ಕು ಜನ ಮಕ್ಕಳು, ನಾಲ್ಕು ಊರು. ಅಮ್ಮ ಹೋದ ಮೇಲೆ ಹೆಂಚು ಮಾಡಿಸೋಕೆ, ತೆರಿಗೆ ಕಟ್ಟೋಕೆ ಯಾರು ಬರಬೇಕು ಅಂತಲೇ ಒಂದು ವರ್ಷ ಜಗಳ. ಕೊನೆಗೆ ಅಣ್ಣ ಬಿಲ್ಡರನ್ನು ಕರೆದುಕೊಂಡು ಬಂದ. ಹನ್ನೆರಡರಲ್ಲಿ ಆರು ನಮ್ಮದು. ಸಹಿ ಹಾಕುವ ದಿನ ನಾನು ಕೇಳಿದ್ದು ಅಡುಗೆಮನೆಗೆ ಯಾವ ಕಲ್ಲು ಹಾಕುತ್ತಾರೆ ಅಂತ ಮಾತ್ರ. ಹಲಸಿನ ಮರದ ಬಗ್ಗೆ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಅದು ಅಮ್ಮ ಹಾಕಿದ್ದು. ಬುಡದಲ್ಲೇ ಕಾಯಿ ಬಿಡುತ್ತೆ, ನಾವು ಚಿಕ್ಕವರಿದ್ದಾಗ ಕೂತುಕೊಂಡೇ ಕೀಳುತ್ತಿದ್ದೆವು. ಆಂಟಿ ಮನೆಗೆ ಪ್ರತಿ ವರ್ಷ ಒಂದು ಬಟ್ಟಲು ಹೋಗುತ್ತಿತ್ತು.

ನಕ್ಷೆ ತೆಗೆದು ನೋಡಿದೆ. ಹಲಸು ಇರೋದು ಪಕ್ಕದ ಸೆಟ್‌ಬ್ಯಾಕಿನಲ್ಲಿ. ಕಟ್ಟಡ ಅದಕ್ಕೆ ತಾಗುವುದೇ ಇಲ್ಲ. ತಾಗೋದು ರ್‍ಯಾಂಪು.

ಪಿಡಬ್ಲ್ಯುಡಿ ನಿವೃತ್ತ

ಅಮ್ಮಾ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಈ ಚರ್ಚೆಯಲ್ಲಿ ಇಷ್ಟು ಹೊತ್ತು ಎಲ್ಲರೂ ಯಾವ ಕಚೇರಿ ಬಾಗಿಲು ತಟ್ಟೋಣ ಅಂತ ನೋಡುತ್ತಿದ್ದೆವು. ಬೀಗದ ಕೈ ನಿಮ್ಮ ಹತ್ತಿರ ಇದೆ. ಜೆಡಿಯಲ್ಲಿ ಜಾಗದ ಮಾಲೀಕರು ನೀವು. ಬೇಸ್‌ಮೆಂಟ್ ಬೇಡ, ಬಾವಿ ಉಳಿಯಬೇಕು, ಹಲಸು ಉಳಿಯಬೇಕು ಅಂತ ಒಂದು ಸಪ್ಲಿಮೆಂಟರಿ ಅಗ್ರಿಮೆಂಟ್ ಮಾಡಿಸಿ. ಬಿಲ್ಡರಿಗೆ ಅಗೆತ, ತಡೆಗೋಡೆ, ನೀರು ಸೋರದ ಕೆಲಸ ಎಲ್ಲಾ ಉಳಿಯುತ್ತದೆ. ಕಳೆದುಕೊಳ್ಳೋದು ಎರಡನೇ ಪಾರ್ಕಿಂಗಿನ ದುಡ್ಡು ಮತ್ತು ನಕ್ಷೆ ತಿದ್ದುಪಡಿಯ ಕಾಲ. ನಿಮ್ಮ ಆರು ಫ್ಲ್ಯಾಟಿಗೆ ಎರಡನೇ ಕಾರು ಬೇಡ ಅಂತ ಮೊದಲು ನೀವು ಒಪ್ಪಬೇಕು.

ಹಲಸಿನ ತೊಳೆ

ಅಣ್ಣನನ್ನು ಒಪ್ಪಿಸುವುದು ಬಿಲ್ಡರನ್ನು ಒಪ್ಪಿಸುವುದಕ್ಕಿಂತ ಕಷ್ಟ ಸರ್. ಪ್ರಯತ್ನ ಮಾಡುತ್ತೇನೆ.

ಮೂಲೆಮನೆ

ಪುಟ್ಟಿ, ನೀನಾ! ಫೋನ್ ಮಾಡೇ.

ಮೂಲೆಮನೆ

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಭಾನುವಾರ ಎಲ್ಲರೂ ಆ ಮನೆಯ ಜಗಲಿಯಲ್ಲಿ ಸೇರಿದ್ದೆವು. ಪುಟ್ಟಿ, ಅವಳ ಅಣ್ಣ, ಬಿಲ್ಡರ್, ಅವರ ಎಂಜಿನಿಯರ್ ಹುಡುಗ, ತಗ್ಗಿನ ಮನೆಯವರು, ನಾನು. ಪಿಡಬ್ಲ್ಯುಡಿ ಸರ್ ಕೂಡ ಬಂದರು, ಕೈಯಲ್ಲಿ ಟೇಪು, ಜೇಬಲ್ಲಿ ಗಾಜು. ಎರಡು ಗಂಟೆ ಮಾತಾಯಿತು, ಅದರಲ್ಲಿ ಅರ್ಧ ಗಂಟೆ ಅಣ್ಣತಂಗಿಯರದ್ದು.

ಬೇಸ್‌ಮೆಂಟ್ ಹೋಯಿತು. ನನಗೇ ನಂಬಲಾಗಲಿಲ್ಲ. ಮಣ್ಣಿನ ಲೆಕ್ಕ, ತಡೆಗೋಡೆ ಲೆಕ್ಕ ಬರೆದು ಕೊಟ್ಟಾಗ ಬಿಲ್ಡರ್ ಸುಮಾರು ಹೊತ್ತು ಕ್ಯಾಲ್ಕುಲೇಟರ್ ಒತ್ತಿದರು, ಆಮೇಲೆ "ಸರಿ, ಪಾರ್ಟಿಗಳೇ ಬೇಡ ಅಂದ್ರೆ ನನಗೇನು" ಅಂದರು. ತಿದ್ದಿದ ನಕ್ಷೆ ಮಂಜೂರಾಗುವವರೆಗೆ ಹಳೇ ಮನೆ ಬಿಚ್ಚುವ ಕೆಲಸ ಮಾತ್ರ. ರ್‍ಯಾಂಪು ಇಲ್ಲದ ಮೇಲೆ ಹಲಸು ಉಳಿಯಿತು. ಗೇಟು ಆರು ಅಡಿ ಬಲಕ್ಕೆ ಸರಿಯಿತು, ಹೊಂಗೆಗೂ ಕಂಟಕ ಇಲ್ಲ. ಬಾವಿಗೆ ಜಾಲರಿ ಹಾಕಿ, ಸೂರಿನ ನೀರು ಸೋಸಿ ಬಿಡುತ್ತಾರೆ. ಹಿತ್ತಲ ಬಚ್ಚಲಿನ ಮೇಲಿದ್ದ ಆಸ್ಬೆಸ್ಟಾಸ್ ಶೀಟನ್ನು ಒಡೆಯದೆ, ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಬೇಕು ಅಂತ ಸರ್ ಹೇಳಿದರು. ಎಂಜಿನಿಯರ್ ಹುಡುಗ ಬರೆದುಕೊಂಡ.

ಮಾವು ಎರಡೂ ಹೋಗುತ್ತವೆ, ಸಂಪಿಗೆಯೂ. ಅವು ಕಟ್ಟಡದ ನಡುಮಧ್ಯೆ ಬರುತ್ತವೆ. ಹೊಂಗೆ ನೆರಳು ಅವರು ಹೇಳಿದ ಹಾಗೆ ಪತ್ರ ಕೊಟ್ಟಿದ್ದೇವೆ, ಪರಿಶೀಲನೆಗೆ ಬಂದಿದ್ದರು, ಅನುಮತಿ ಸಿಗುತ್ತೆ ಅನಿಸುತ್ತೆ. ಪುಟ್ಟಿ ಅತ್ತಳು. ನಾನೂ.

ರಾತ್ರಿ ಕಾಂಕ್ರೀಟು ಹಾಕಬೇಡಿ ಅನ್ನುವುದಕ್ಕೆ ಬಿಲ್ಡರ್ ಒಪ್ಪಲಿಲ್ಲ. ರೆಡಿಮಿಕ್ಸ್ ಲಾರಿ ಹಗಲಲ್ಲಿ ಈ ರಸ್ತೆಗೆ ಬರೋಕೆ ಆಗಲ್ಲ ಅಂತಾರೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ ಶಬ್ದ 45 ಡೆಸಿಬಲ್ ದಾಟಬಾರದು ಅಂತ ನಿಯಮ ತೋರಿಸಿದೆವು. "ಗೊತ್ತು ಮೇಡಂ" ಅಂದರು, ಅಷ್ಟೇ. ಹಿಂದಿನ ದಿನ ತಿಳಿಸುತ್ತೇನೆ ಅಂದಿದ್ದಾರೆ. ಅದೊಂದು ಜಗಳ ಬಾಕಿ.

ತಗ್ಗಿನ ಮನೆ

ಅಂಗಳಕ್ಕೆ ಪೂರ್ತಿ ಕಾಂಕ್ರೀಟು ಬೇಡ, ಮಧ್ಯ ಮಣ್ಣು ಬಿಟ್ಟ ಇಟ್ಟಿಗೆ ಹಾಸಿ ಅಂತ ನಾನು ಕೇಳಿದ್ದನ್ನು ಆಂಟಿ ಮರೆತರು. ಅದಕ್ಕೂ ತಲೆ ಆಡಿಸಿದರು. ಆದರೆ ಬರೆದುಕೊಡಲಿಲ್ಲ.

ಬಾಡಿಗೆದಾರ 560003

ಹನ್ನೆರಡೂ ಮನೆ ಉಳೀತಲ್ಲ, ಅದು ಹೇಳಿ. ಸಂತೋಷ.

ಬಾವಿಕಟ್ಟೆ

ಬಾವಿ ನೀರಿನ ಮಟ್ಟ ಈಗಲೇ ಅಳೆದಿಟ್ಟುಕೊಳ್ಳಿ. ಹಗ್ಗಕ್ಕೆ ಒಂದು ದಪ್ಪ ಬೋಲ್ಟು ಕಟ್ಟಿ ಬಿಡಿ, ನೀರಿಗೆ ತಾಗಿದ್ದು ಕೈಗೆ ಗೊತ್ತಾಗುತ್ತೆ. ತಿಂಗಳಿಗೊಮ್ಮೆ ಸಾಕು.

ಮೂಲೆಮನೆ

ಇವತ್ತು ಬೆಳಿಗ್ಗೆ ಅಳೆದೆವು. ಕಟ್ಟೆಯಿಂದ 31 ಅಡಿ. ನಮ್ಮ ಊಟದ ಮನೆ ಗೋಡೆಗೆ ನಾಲ್ಕು ಗಾಜಿನ ಪಟ್ಟಿ, ತಾರೀಕು ಪೆನ್ಸಿಲಲ್ಲಿ. ಮೊಮ್ಮಗ ದಿನಾ ಸ್ಕೂಲಿಗೆ ಹೋಗುವ ಮುಂಚೆ ಒಡೆದಿದೆಯಾ ಅಂತ ನೋಡಿ ಹೋಗುತ್ತಾನೆ. ಒಂದು ಒಡೆದೇ ಹೋಗಿತ್ತು. ವಿಚಾರಿಸಿದರೆ ಅವನ ಟೆನಿಸ್ ಬಾಲು.